ಹೇರ್ ಮೆಟಲ್ ರೆಕಾರ್ಡ್ ಕೈಗೆ ಸಿಕ್ರೆ ಮೊದ್ಲು ತಿರುಗ್ಸಿ ಹಿಂದ್ಗಡೆ ಓದಿ

ಡೆಫ್ ಲೆಪರ್ಡ್ ಬ್ಯಾಂಡ್‌ನ 'ಹಿಸ್ಟೀರಿಯಾ' ಆಲ್ಬಂನಲ್ಲಿ ಫಸ್ಟ್ ಸೈಡ್‌ನ ಕೊನೇ ಹಾಡು 'ಆರ್ಮಗೆಡನ್ ಇಟ್'. ಅದು ಹೇಗೆ ಮುಗಿಯುತ್ತೆ ಅಂತ ನಂಗೆ ಎಷ್ಟೋ ವರ್ಷ ಗೊತ್ತೇ ಇರ್ಲಿಲ್ಲ. ಕಾಲೇಜಲ್ಲಿ ಫ್ರೆಂಡ್ ಒಬ್ಬ 60 ನಿಮಿಷದ ಖಾಲಿ ಕ್ಯಾಸೆಟ್‌ಗೆ ಡಬ್ ಮಾಡಿ ಕೊಟ್ಟಿದ್ದ, ಅಂದ್ರೆ ಸೈಡ್‌ಗೆ 30 ನಿಮಿಷ, ಆದ್ರೆ ಆಲ್ಬಂನ ಮೊದಲ ಸೈಡೇ ಹತ್ರತ್ರ 32 ನಿಮಿಷ ಇದೆ, ಹಾಗಾಗಿ ಹಾಡು ಇನ್ನೂ ನಡೀತಾ ಇರೋವಾಗ್ಲೇ ಟೇಪ್ ಮುಗ್ದು ಪ್ಲೇ ಬಟನ್ ಟಕ್ ಅಂತ ಮೇಲೆ ಹಾರೋದು. ಹಾಡು ಅಷ್ಟೇ ಇರ್ಬೇಕು ಅಂದ್ಕೊಂಡಿದ್ದೆ. ಯಾವತ್ತೋ ಸಿಡಿ ಸಿಕ್ಕಿ ಪೂರ್ತಿ ಕೇಳಿದಾಗ ಆ ಕೊನೇ ಭಾಗ ಕಿವಿಗೆ ಬಿದ್ದು ಕೂತ ಕಡೆಯಿಂದ ಎದ್ದು ನಿಂತಿದ್ದೆ.

ಒಂದು ರಾಕ್ ರೆಕಾರ್ಡ್‌ಗೆ 62 ನಿಮಿಷ ಯಾಕೆ ತುಂಬಿದ್ರು ಅನ್ನೋ ಪ್ರಶ್ನೆ ಆವಾಗ ತಲೆಗೆ ಹೊಕ್ಕಿದ್ದು ಇನ್ನೂ ಹೋಗಿಲ್ಲ. ಅದಕ್ಕೆ ಉತ್ತರ ಹುಡುಕ್ತಾ ಹೋದ್ರೆ ಈ ಸಂಗೀತದಲ್ಲಿ ಯಾವ ಆಲ್ಬಂ ಇಟ್ಕೋಬೇಕು, ಯಾವ ಕಾಪಿ ಇಟ್ಕೋಬೇಕು ಅನ್ನೋದಕ್ಕೂ ಉತ್ತರ ಸಿಗುತ್ತೆ. ಇತ್ತೀಚೆಗೆ ರೆಕಾರ್ಡ್ ಹಾಕೋ ಟರ್ನ್‌ಟೇಬಲ್ ತಗೊಂಡ ಹುಡುಗ್ರು ಸುಮಾರು ಜನ "ಹೇರ್ ಮೆಟಲ್‌ನಲ್ಲಿ ಎಲ್ಲಿಂದ ಶುರು ಮಾಡೋದು" ಅಂತ ಕೇಳ್ತಾರೆ, ಅವರಿಗೋಸ್ಕರ ಇದನ್ನ ಬಿಡಿಸಿ ಹೇಳ್ತೀನಿ.

ಮೊದ್ಲು ಹೆಸರಿನ ವಿಷ್ಯ. ಆ ಕಾಲದಲ್ಲಿ ಈ ಬ್ಯಾಂಡ್‌ಗಳನ್ನ ಗ್ಲಾಮ್ ಮೆಟಲ್, ಪಾಪ್ ಮೆಟಲ್, ಇಲ್ಲಾ ಸುಮ್ನೆ ಹಾರ್ಡ್ ರಾಕ್ ಅಂತಿದ್ರು, 'ಹೇರ್ ಮೆಟಲ್' ಅನ್ನೋದು ಆಮೇಲೆ ಆಡ್ಕೊಳ್ಳೋಕೆ ಅಂತ ಅಂಟಿಸಿದ ಹೆಸರು. ಸ್ಪ್ರೇ ಹೊಡೆದು ನಿಲ್ಲಿಸಿದ ಕೂದಲು, ಲಿಪ್‌ಸ್ಟಿಕ್, ಬಿಗಿ ಪ್ಯಾಂಟು, ಇದನ್ನ ನೋಡಿ ಜನ ಸಂಗೀತವನ್ನೂ ಅಲ್ಲಿಗೇ ಬಿಟ್ಬಿಟ್ರು. ಸಂಗೀತದ ಲೆಕ್ಕದಲ್ಲಿ ವಿಷ್ಯ ಸರಳ. ಹೆವಿ ಮೆಟಲ್‌ನ ಗಿಟಾರ್ ಗಡಸು, ಅದರ ಮೇಲೆ ಪಾಪ್ ಹಾಡಿನ ಕಟ್ಟಡ. ಚರಣ, ಕೋರಸ್‌ಗೆ ಮೆಟ್ಟಿಲು ಹತ್ತಿಸೋ ಒಂದು ಚಿಕ್ಕ ಭಾಗ, ಆಮೇಲೆ ಹತ್ತು ಜನ ಒಟ್ಟಿಗೆ ಕೂಗಿದ ಹಾಗೆ ಕೇಳೋ ಕೋರಸ್, ಮಧ್ಯದಲ್ಲಿ ಹಾಡಿಕೊಳ್ಳೋಕೆ ಬರೋ ಥರದ ಗಿಟಾರ್ ಸೋಲೋ. ಮೆಟಲ್ ಕೇಳೋನಿಗೆ ಇದು ಸಪ್ಪೆ, ಪಾಪ್ ಕೇಳೋನಿಗೆ ಖಾರ, ಎರಡೂ ಬೇಕು ಅನ್ನೋರಿಗೆ ಹಬ್ಬದ ಊಟ.

ಶುರುವಾಗಿದ್ದು ಲಾಸ್ ಏಂಜಲೀಸ್‌ನ ಸನ್‌ಸೆಟ್ ಸ್ಟ್ರಿಪ್ ಅನ್ನೋ ಒಂದೇ ರಸ್ತೆಯ ಕ್ಲಬ್‌ಗಳಲ್ಲಿ, ವಿಸ್ಕಿ ಎ ಗೋ ಗೋ, ರಾಕ್ಸಿ, ಗಜಾರೀಸ್ ಇಂಥವು. 1981ರ ಆಗಸ್ಟ್ 1ಕ್ಕೆ ಹಾಡಿನ ವಿಡಿಯೋ ತೋರಿಸೋ ಎಂಟಿವಿ ಚಾನೆಲ್ ಬಂತು, ಅದಕ್ಕೆ ನೋಡೋಕೆ ಬಣ್ಣಬಣ್ಣ ಇರೋ ಬ್ಯಾಂಡ್‌ಗಳು ಬೇಕಿತ್ತು, ಇವರು ರೆಡಿ ಇದ್ರು. 1983ರಲ್ಲಿ ಕ್ವಾಯಟ್ ರಯಟ್‌ನ 'ಮೆಟಲ್ ಹೆಲ್ತ್' ಅಮೆರಿಕದ ಬಿಲ್‌ಬೋರ್ಡ್ ಆಲ್ಬಂ ಪಟ್ಟಿಯಲ್ಲಿ ನಂಬರ್ 1 ಆಯ್ತು, ಹೆವಿ ಮೆಟಲ್ ಆಲ್ಬಂ ಒಂದು ಅಲ್ಲಿಗೆ ಹತ್ತಿದ್ದು ಅದೇ ಮೊದಲು. ಅಲ್ಲಿಂದ 1991ರವರೆಗೆ ಎಂಟು ವರ್ಷ ಇವರದೇ ರಾಜ್ಯ. ನಮ್ಮಲ್ಲಿ ಸ್ಟಾರ್ ಟಿವಿ ಮೂಲಕ ಎಂಟಿವಿ ಬಂದಿದ್ದೇ 1991ರಲ್ಲಿ, ಅಂದ್ರೆ ಅಲ್ಲಿ ಜಾತ್ರೆ ಮುಗಿಯೋ ಹೊತ್ತಿಗೆ ಇಲ್ಲಿ ತೇರು ಕಾಣಿಸ್ತು. ಅದಕ್ಕೇ ಬೆಂಗಳೂರಲ್ಲಿ ನನ್ನ ವಯಸ್ಸಿನೋರಿಗೆ ಬಾನ್ ಜೋವಿ ಮತ್ತೆ ಇವರ ಕಾಲ ಮುಗಿಸಿದ ನಿರ್ವಾಣ ಬ್ಯಾಂಡ್ ಒಂದೇ ಕಾಲದವರ ಹಾಗೆ ಮನಸ್ಸಲ್ಲಿ ಕೂತಿರೋದು.

ಈಗ ಮುಖ್ಯ ವಿಷ್ಯ. ಇವು ಸ್ಟುಡಿಯೋದಲ್ಲಿ ಕಟ್ಟಿದ ರೆಕಾರ್ಡ್‌ಗಳು. ನಾಲ್ಕು ಜನ ಒಂದು ರೂಮಲ್ಲಿ ನಿಂತು ಬಾರಿಸಿದ್ದನ್ನ ಹಾಗೇ ಹಿಡಿದಿದ್ದಲ್ಲ, ಇಟ್ಟಿಗೆ ಮೇಲೆ ಇಟ್ಟಿಗೆ ಇಟ್ಟು ಎಬ್ಬಿಸಿದ್ದು. ಹಾಗಾಗಿ ಕವರ್‌ನ ಮುಂದೆ ಯಾರ ಮುಖ ಇದೆ ಅನ್ನೋದಕ್ಕಿಂತ ಹಿಂದೆ ಸಣ್ಣಕ್ಷರದಲ್ಲಿ ಪ್ರೊಡ್ಯೂಸರ್ (ಆಲ್ಬಂ ಹೇಗೆ ಕೇಳ್ಬೇಕು ಅಂತ ನಿರ್ಧರಿಸೋನು) ಯಾರು, ಎಂಜಿನಿಯರ್ (ಶಬ್ದ ಹಿಡಿಯೋನು) ಯಾರು, ಯಾವ ಸ್ಟುಡಿಯೋ ಅಂತ ಬರೆದಿರೋದು ಹೆಚ್ಚು ಹೇಳುತ್ತೆ. ಐದಾರು ಹೆಸರು ನೆನಪಿಟ್ಕೊಂಡ್ರೆ ಸಾಕು, ಯಾವತ್ತೂ ಕೇಳಿರದ ಬ್ಯಾಂಡ್‌ನ ರೆಕಾರ್ಡ್ ಕೈಲಿ ಹಿಡಿದು "ಇದು ಹೀಗೆ ಕೇಳುತ್ತೆ" ಅಂತ ಮುಕ್ಕಾಲು ಪಾಲು ಸರಿಯಾಗಿ ಹೇಳ್ಬಹುದು.

ಮೊದಲ ಹೆಸರು ಮಟ್ ಲ್ಯಾಂಗ್. ಎಸಿ/ಡಿಸಿಯ 'ಬ್ಯಾಕ್ ಇನ್ ಬ್ಲ್ಯಾಕ್' ಮಾಡಿದ ಮನುಷ್ಯ ಇವನೇ. ಇಂಗ್ಲೆಂಡಿನ ಶೆಫೀಲ್ಡ್‌ನ ಡೆಫ್ ಲೆಪರ್ಡ್ ಜೊತೆ 1983ರಲ್ಲಿ 'ಪೈರೋಮೇನಿಯಾ' ಮಾಡಿದ, ಅದು ಅಮೆರಿಕದಲ್ಲೇ 1 ಕೋಟಿ ದಾಟ್ತು, ನಂಬರ್ 1 ಮಾತ್ರ ಆಗ್ಲಿಲ್ಲ, ಯಾಕಂದ್ರೆ ಮೇಲೆ ಮೈಕಲ್ ಜಾಕ್ಸನ್‌ನ 'ಥ್ರಿಲ್ಲರ್' ಕೂತಿತ್ತು. ಮುಂದಿನ ಆಲ್ಬಂಗೆ ಬ್ಯಾಂಡ್‌ನವ್ರೂ ಮಟ್ ಲ್ಯಾಂಗೂ ಇಟ್ಕೊಂಡ ಗುರಿ ಅದೇ, ರಾಕ್‌ನಲ್ಲಿ ಒಂದು 'ಥ್ರಿಲ್ಲರ್', ಪ್ರತಿ ಹಾಡೂ ಸಿಂಗಲ್ (ಬೇರೆಯಾಗಿ ಬಿಡುಗಡೆ ಮಾಡೋ ಹಾಡು) ಆಗೋ ಹಾಗಿರ್ಬೇಕು. 62 ನಿಮಿಷಕ್ಕೆ ಕಾರಣ ಇದು. ಆಗಿದ್ದೂ ಹಾಗೇ, 'ಥ್ರಿಲ್ಲರ್'ನಿಂದ 7 ಸಿಂಗಲ್ ಬಂದಿತ್ತು, 'ಹಿಸ್ಟೀರಿಯಾ'ದಿಂದಲೂ 7 ಬಂತು.

ಆದ್ರೆ ಅಲ್ಲಿಗೆ ಮುಟ್ಟೋಕೆ ಮೂರು ವರ್ಷದ ಮೇಲೆ ಹಿಡೀತು. 1984ರ ಡಿಸೆಂಬರ್ 31ಕ್ಕೆ ಡ್ರಮ್ಮರ್ ರಿಕ್ ಆಲನ್ ಕಾರ್ ಆಕ್ಸಿಡೆಂಟ್‌ನಲ್ಲಿ ಎಡಗೈ ಕಳ್ಕೊಂಡ. ಬ್ಯಾಂಡ್‌ನವ್ರು ಬೇರೆ ಡ್ರಮ್ಮರ್ ಹುಡುಕಲಿಲ್ಲ, ಕಾದ್ರು. ಎಡಗೈಲಿ ಬಾರಿಸಬೇಕಾದ್ದನ್ನ ಎಡಗಾಲಿನ ಪೆಡಲ್‌ನಿಂದ ಬಾರಿಸೋ ಹಾಗೆ ಎಲೆಕ್ಟ್ರಾನಿಕ್ ಕಿಟ್ ಮಾಡಿಸ್ಕೊಂಡು ಅವನು ಮೊದಲಿಂದ ಕಲಿತ, 1986ರಲ್ಲಿ ಇಂಗ್ಲೆಂಡಿನ ಡಾನಿಂಗ್ಟನ್ ಮೈದಾನದಲ್ಲಿ ಅಷ್ಟು ಜನರ ಮುಂದೆ ವಾಪಸ್ ಬಂದು ಕೂತ. ಈ ಕತೆ ಯೋಚಿಸಿದಾಗೆಲ್ಲ ನಂಗೆ ಗಂಟಲು ಕಟ್ಟುತ್ತೆ, ಈ ಆಲ್ಬಂನ ಡ್ರಮ್ಸ್ ಶಬ್ದವನ್ನ 'ಪ್ಲಾಸ್ಟಿಕ್' ಅಂತ ಯಾರಾದ್ರೂ ಅಂದ್ರೆ ಇದನ್ನ ಕೂರಿಸಿಕೊಂಡು ಹೇಳ್ತೀನಿ.

ಗಿಟಾರ್ ಕತೆ ಕೇಳಿ. ಇಷ್ಟು ದೊಡ್ಡ ಸೌಂಡ್ ಗೋಡೆ ಎತ್ತರದ ಆಂಪ್ಲಿಫೈಯರ್‌ನಿಂದ ಬಂದಿರ್ಬೇಕು ಅಂದ್ಕೋತೀವಿ ಅಲ್ವಾ, ಬಹುಪಾಲು ಬಂದಿದ್ದು ರಾಕ್‌ಮನ್ ಅನ್ನೋ ವಾಕ್‌ಮನ್ ಸೈಜಿನ ಡಬ್ಬಿಯಿಂದ. ಬಾಸ್ಟನ್ ಬ್ಯಾಂಡ್‌ನ ಟಾಮ್ ಶೋಲ್ಜ್ ಹೆಡ್‌ಫೋನ್‌ನಲ್ಲಿ ಪ್ರಾಕ್ಟೀಸ್ ಮಾಡೋರಿಗೆ ಅಂತ ಡಿಸೈನ್ ಮಾಡಿದ್ದು ಅದು. ಆ ಸಣ್ಣ, ತೆಳು ಶಬ್ದವೇ ಮಟ್ ಲ್ಯಾಂಗ್‌ಗೆ ಬೇಕಿದ್ದಿದ್ದು, ಯಾಕಂದ್ರೆ ತೆಳುವಾಗಿದ್ರೆ ತಾನೇ ಒಂದರ ಮೇಲೊಂದು ಪದರ ಹಾಕೋಕೆ ಆಗೋದು. ದಪ್ಪ ಗಿಟಾರ್ ನಾಲ್ಕು ಇಟ್ರೆ ಕೆಸರು, ತೆಳು ಗಿಟಾರ್ ಇಪ್ಪತ್ತು ಇಟ್ರೆ ಚಿರೋಟಿ. ಕೆಲವು ಕಡೆ ಒಂದು ಕಾರ್ಡ್‌ನ (ಒಟ್ಟಿಗೆ ನುಡಿಸೋ ಸ್ವರಗಳ ಗುಂಪಿನ) ಒಂದೊಂದು ಸ್ವರವನ್ನೂ ಬೇರೆಬೇರೆ ರೆಕಾರ್ಡ್ ಮಾಡಿ ಆಮೇಲೆ ಜೋಡಿಸಿದಾರೆ. ಹಿಂದಿನ ಕೋರಸ್ ದನಿಗಳೂ ಹಾಗೇ, ಅದರಲ್ಲಿ ಲ್ಯಾಂಗ್‌ನ ದನಿಯೂ ಸೇರಿದೆ. ಹೆಡ್‌ಫೋನ್ ಹಾಕ್ಕೊಂಡು 'ಅನಿಮಲ್' ಹಾಡಿನ ಕೋರಸ್ ಕೇಳಿ, ಒಂದು ಸಲ ಬರೀ ಎಡಗಿವಿಗೆ ಗಮನ ಕೊಟ್ಟು, ಇನ್ನೊಂದು ಸಲ ಬಲಗಿವಿಗೆ, ಅಲ್ಲಿ ಬೇರೆಬೇರೆ ಗಿಟಾರ್ ನಡೀತಾ ಇರೋದು ಗೊತ್ತಾಗುತ್ತೆ. ಇದೇ ವಿದ್ಯೆಯನ್ನ ಹತ್ತು ವರ್ಷ ಆದ್ಮೇಲೆ ಶನಾಯಾ ಟ್ವೇನ್‌ನ 'ಕಮ್ ಆನ್ ಓವರ್' ಆಲ್ಬಂಗೆ ಹಾಕಿದ, ಎರಡನ್ನೂ ಒಟ್ಟಿಗೆ ಕೇಳಿದ್ರೆ ಒಂದೇ ಕೈ ಅಡಿಗೆ ಅಂತ ತಿಳಿಯುತ್ತೆ.

ಖರ್ಚು ಎಷ್ಟಾಗಿತ್ತು ಅಂದ್ರೆ ಹಾಕಿದ ದುಡ್ಡು ವಾಪಸ್ ಬರೋಕೇ 50 ಲಕ್ಷ ಕಾಪಿ ಮಾರಬೇಕಿತ್ತು ಅಂತ ಹೇಳ್ತಾರೆ. 1987ರ ಆಗಸ್ಟ್‌ನಲ್ಲಿ ಬಂದ ಆಲ್ಬಂ ಅಮೆರಿಕದಲ್ಲಿ ನಂಬರ್ 1 ಆಗಿದ್ದು 1988ರಲ್ಲಿ, ಅದೂ 'ಪೋರ್ ಸಮ್ ಶುಗರ್ ಆನ್ ಮಿ' ಅನ್ನೋ ಹಾಡಿಂದ, ಆ ಹಾಡು ಎಲ್ಲಾ ಮುಗಿದ್ಮೇಲೆ ಕಡೇ ಘಳಿಗೆಯಲ್ಲಿ ಗಾಯಕ ಜೋ ಎಲಿಯಟ್ ಸುಮ್ನೆ ಗಿಟಾರ್ ಮೀಟ್ತಾ ಗುನುಗ್ತಿದ್ದಾಗ ಲ್ಯಾಂಗ್ ಕಿವಿಗೆ ಬಿದ್ದು ಸೇರಿಸಿದ್ದು.

ಈಗ ಇದನ್ನ ಯಾವ ರೂಪದಲ್ಲಿ ಇಟ್ಕೋಬೇಕು? ಇಲ್ಲಿ ಸ್ವಲ್ಪ ಫಿಸಿಕ್ಸ್ ಇದೆ, ಇದು ಒಂದು ಸಲ ಅರ್ಥ ಆದ್ರೆ ಎಲ್ಲಾ ಎಲ್‌ಪಿಗೂ, ಅಂದ್ರೆ ದೊಡ್ಡ ವಿನೈಲ್ ರೆಕಾರ್ಡ್‌ಗೂ, ಅನ್ವಯ ಆಗುತ್ತೆ. 12 ಇಂಚಿನ ರೆಕಾರ್ಡ್ ನಿಮಿಷಕ್ಕೆ 33⅓ ಸುತ್ತು ತಿರುಗುತ್ತೆ. ಹೊರ ಅಂಚಿನ ಸುತ್ತು ದೊಡ್ಡದು, ಅಲ್ಲಿ ಸೂಜಿ ಕೆಳಗೆ ಸೆಕೆಂಡ್‌ಗೆ ಸುಮಾರು 50 ಸೆಂಟಿಮೀಟರ್ ಗ್ರೂವ್ (ಶಬ್ದ ಕೆತ್ತಿರೋ ಗೆರೆ) ಹಾದುಹೋಗುತ್ತೆ, ಲೇಬಲ್ ಹತ್ತಿರದ ಒಳ ಸುತ್ತಲ್ಲಿ ಸುಮಾರು 21 ಅಷ್ಟೇ. ಅಂದ್ರೆ ಅದೇ ಒಂದು ಸೆಕೆಂಡ್ ಸಂಗೀತವನ್ನ ಅರ್ಧಕ್ಕಿಂತ ಕಮ್ಮಿ ಜಾಗದಲ್ಲಿ ಇಕ್ಕಟ್ಟಾಗಿ ಕೆತ್ತಿರ್ತಾರೆ, ಅದಕ್ಕೇ ಸೈಡ್‌ನ ಕೊನೇ ಹಾಡಲ್ಲಿ 'ಸ' 'ಶ' ಅಕ್ಷರ, ಸಿಂಬಲ್ಸ್ ಎಲ್ಲಾ ಚರಚರ ಅನ್ನೋದು. ಇದರ ಜೊತೆ, ಸೈಡ್‌ಗೆ 18ರಿಂದ 22 ನಿಮಿಷ ಇದ್ರೆ ಗ್ರೂವ್‌ಗಳ ನಡುವೆ ಉಸಿರಾಡೋಕೆ ಜಾಗ ಇರುತ್ತೆ, 32 ನಿಮಿಷ ತುಂಬಬೇಕು ಅಂದ್ರೆ ಗ್ರೂವ್ ಸಣ್ಣ ಮಾಡ್ಬೇಕು, ವಾಲ್ಯೂಮ್ ಇಳಿಸ್ಬೇಕು, ಬಾಸ್ ತೆಗೀಬೇಕು. ಹಾಗಾಗಿ 1987ರ ಒಂದೇ ಎಲ್‌ಪಿಯ 'ಹಿಸ್ಟೀರಿಯಾ' ನೋಡೋಕೆ ಚಂದ, ಕೇಳೋಕೆ ಸ್ವಲ್ಪ ಬಡಕಲು. ಕೇಳೋದಕ್ಕೆ ಅಂತ ಆದ್ರೆ 80ರ ದಶಕದ ಸಿಡಿ ತಗೊಳ್ಳಿ, ವಿನೈಲೇ ಬೇಕು ಅಂದ್ರೆ 2017ರಲ್ಲಿ 30ನೇ ವರ್ಷಕ್ಕೆ ಬಂದ ಎರಡು ಎಲ್‌ಪಿ ಸೆಟ್ ಹುಡುಕಿ. ಇನ್ನೊಂದು ಮಾತು, ರೆಕಾರ್ಡ್ ಕಂಪನಿ ಜೊತೆ ಜಗಳ ಆಗಿ 2012ರಲ್ಲಿ ಬ್ಯಾಂಡ್‌ನವ್ರು ಕೆಲವು ಹಳೇ ಹಿಟ್‌ಗಳನ್ನ ಹೊಸದಾಗಿ ರೆಕಾರ್ಡ್ ಮಾಡಿ ಆನ್‌ಲೈನ್ ಬಿಟ್ಟಿದ್ರು, ಅಸಲಿ ಆಲ್ಬಂಗಳು ಸ್ಟ್ರೀಮಿಂಗ್‌ಗೆ ಬಂದಿದ್ದು 2018ರ ಜನವರಿಯಲ್ಲಿ. ಅಷ್ಟು ದಿನ ಡಿಸ್ಕ್ ಇಟ್ಕೊಂಡೋರ ಹತ್ರ ಮಾತ್ರ ಅಸಲಿ ಇತ್ತು, ಕಲೆಕ್ಟ್ ಮಾಡೋದು ಯಾಕೆ ಅಂತ ಕೇಳೋರಿಗೆ ನಾನು ಇದನ್ನೇ ಹೇಳೋದು.

ಎರಡನೇ ವಿಳಾಸ ಕೆನಡಾದ ವ್ಯಾಂಕೂವರ್, ಲಿಟಲ್ ಮೌಂಟನ್ ಸೌಂಡ್ ಸ್ಟುಡಿಯೋ. ಅಲ್ಲಿ ಬ್ರೂಸ್ ಫೇರ್‌ಬೈರ್ನ್ ಅನ್ನೋ ಪ್ರೊಡ್ಯೂಸರ್, ಅವನ ಕೈಕೆಳಗೆ ಬಾಬ್ ರಾಕ್ ಅನ್ನೋ ಎಂಜಿನಿಯರ್. ಹಿಂಬದಿ ಕವರ್‌ನಲ್ಲಿ ಈ ಸ್ಟುಡಿಯೋ ಹೆಸರು ಕಂಡ್ರೆ ನಾನು ಯೋಚನೆ ಮಾಡದೆ ಪಕ್ಕಕ್ಕೆ ಎತ್ತಿಡ್ತೀನಿ. ಬಾನ್ ಜೋವಿಯ 'ಸ್ಲಿಪರಿ ವೆನ್ ವೆಟ್' 1986ರಲ್ಲಿ ಇಲ್ಲಿಂದ ಬಂತು, ಏರೋಸ್ಮಿತ್‌ನ 'ಪರ್ಮನೆಂಟ್ ವೆಕೇಶನ್' 1987, 'ಪಂಪ್' 1989, ಮಾಟ್ಲಿ ಕ್ರೂನ 'ಡಾಕ್ಟರ್ ಫೀಲ್‌ಗುಡ್' 1989, ಇದರಲ್ಲಿ ಬಾಬ್ ರಾಕ್ ತಾನೇ ಪ್ರೊಡ್ಯೂಸರ್. ಆ ಆಲ್ಬಂನ ಡ್ರಮ್ಸ್ ಎಷ್ಟು ತೂಕವಾಗಿ ಕೇಳ್ತು ಅಂದ್ರೆ ಅದನ್ನ ಕೇಳಿಯೇ ಮೆಟಾಲಿಕಾದವರು ಮುಂದಿನ ಆಲ್ಬಂಗೆ ಅವನನ್ನ ಕರೆದಿದ್ದು. ಏರೋಸ್ಮಿತ್ 2007ರ ಜೂನ್‌ನಲ್ಲಿ ನಮ್ಮ ಪ್ಯಾಲೆಸ್ ಗ್ರೌಂಡ್ಸ್‌ಗೆ ಬಂದಿದ್ರಲ್ಲ, ಆ ಶೋ ನೋಡಿದವ್ರು 'ಪಂಪ್' ಎಲ್‌ಪಿ ಒಂದು ಮನೇಲಿ ಇಟ್ಕೊಳ್ಳಿ, ಆ ಬ್ಯಾಂಡ್‌ಗೆ ಎರಡನೇ ಜನ್ಮ ಕೊಟ್ಟ ಸೌಂಡ್ ಯಾವುದು ಅಂತ ಅದರಲ್ಲಿ ಗೊತ್ತಾಗುತ್ತೆ.

'ಸ್ಲಿಪರಿ'ಯಲ್ಲಿ ಹಿಂದ್ಗಡೆ ಓದಬೇಕಾದ ಇನ್ನೊಂದು ಹೆಸರು ಡೆಸ್ಮಂಡ್ ಚೈಲ್ಡ್. ಬ್ಯಾಂಡ್ ಮೆಂಬರ್ ಅಲ್ಲ, ಹಾಡು ಬರೆಯೋಕೆ ಜೊತೆಯಾದವನು, 'ಯು ಗಿವ್ ಲವ್ ಎ ಬ್ಯಾಡ್ ನೇಮ್', 'ಲಿವಿನ್ ಆನ್ ಎ ಪ್ರೇಯರ್' ಎರಡರಲ್ಲೂ ಅವನ ಕೈ ಇದೆ. 'ಪ್ರೇಯರ್' ಹಾಡಲ್ಲಿ ಶುರುಗೆ ಬರೋ 'ವಾ ವಾ' ಅನ್ನೋ ಮಾತಾಡೋ ಗಿಟಾರ್ ಇದೆಯಲ್ಲ, ಅದು ಟಾಕ್ ಬಾಕ್ಸ್. ಗಿಟಾರ್ ಶಬ್ದವನ್ನ ಒಂದು ಪ್ಲಾಸ್ಟಿಕ್ ಟ್ಯೂಬ್‌ನಲ್ಲಿ ಬಾಯಿಗೆ ತಂದು, ಬಾಯಿ ಆಕಾರ ಬದಲಾಯಿಸಿ, ಮೈಕ್‌ಗೆ ಹಿಡಿಯೋದು. ಕೊನೇ ಕೋರಸ್‌ಗೆ ಹಾಡು ದಿಢೀರ್ ಅಂತ ಮೂರು ಸೆಮಿಟೋನ್ (ಅರ್ಧ ಸ್ವರ) ಮೇಲೆ ಹಾರುತ್ತೆ, ಹಾರೋ ಆ ಜಾಗದಲ್ಲಿ ತಾಳದಿಂದ ಒಂದು ಏಟನ್ನೇ ಕಿತ್ತುಹಾಕಿದಾರೆ. ಮೆಟ್ಟಿಲು ಇದೆ ಅಂದ್ಕೊಂಡು ಕಾಲಿಟ್ರೆ ಇಲ್ಲದೇ ಇದ್ದಾಗ ಹೊಟ್ಟೆ ಝುಂ ಅನ್ನುತ್ತಲ್ಲ, ಹಾಗೆ. ಮೂವತ್ತು ವರ್ಷದಿಂದ ಕೇಳ್ತಿದೀನಿ, ಪ್ರತಿ ಸಲ ಆಗುತ್ತೆ. ಡೆಸ್ಮಂಡ್ ಚೈಲ್ಡ್ ಹೆಸರು ಹಿಡ್ಕೊಂಡು ಹೋದ್ರೆ 1989ರ ಆಲಿಸ್ ಕೂಪರ್ ಆಲ್ಬಂ 'ಟ್ರ್ಯಾಷ್' ಸಿಗುತ್ತೆ, ಅದರ ಪ್ರೊಡ್ಯೂಸರೂ ಅವನೇ, ಜನ ಅದನ್ನ ಅಷ್ಟಾಗಿ ಹುಡುಕಲ್ಲ, ನೀವು ಹುಡುಕಿ.

ಇನ್ನು ಕವರ್ ವ್ಯತ್ಯಾಸ, ಕಲೆಕ್ಟರ್‌ಗಳು ಒದ್ದಾಡೋದೇ ಇಲ್ಲಿ. 'ಸ್ಲಿಪರಿ'ಗೆ ಮೊದ್ಲು ಮಾಡಿದ ಕವರ್ ಬೇರೆ, ಒದ್ದೆಯಾದ ಹಳದಿ ಟೀ ಶರ್ಟ್ ಹಾಕಿದ ಹೆಂಗಸಿನ ಫೋಟೋ. ಅದನ್ನ ಕೊನೇ ಕ್ಷಣದಲ್ಲಿ ಬಿಟ್ಟು, ಕಪ್ಪು ಕಸದ ಚೀಲದ ಮೇಲೆ ನೀರು ಚಿಮುಕಿಸಿ ಬೆರಳಲ್ಲಿ ಹೆಸರು ಬರೆದು ಫೋಟೋ ತೆಗೆದ್ರು, ಇವತ್ತು ಲೋಕಕ್ಕೆಲ್ಲ ಗೊತ್ತಿರೋದು ಅದೇ. ಹಳೇ ಕವರ್ ಉಳ್ಕೊಂಡಿದ್ದು ಜಪಾನ್ ಪ್ರೆಸ್ಸಿಂಗ್‌ನಲ್ಲಿ, ಅಂದ್ರೆ ಅಲ್ಲಿಗೆ ಅಂತ ಅಚ್ಚು ಹಾಕಿದ ಕಾಪಿಗಳಲ್ಲಿ, ಹಾಗಾಗಿ ಅದಕ್ಕೆ ಬೆಲೆ. ಪಾಯ್ಸನ್‌ನ 1988ರ ಆಲ್ಬಂ 'ಓಪನ್ ಅಪ್ ಅಂಡ್ ಸೇ... ಆಹ್!' ಕೂಡ ಹಾಗೇ, ಮೊದಲು ಉದ್ದ ನಾಲಿಗೆ ಚಾಚಿದ ರಾಕ್ಷಸಿ ಥರದ ಮುಖ ಪೂರ್ತಿ ಇತ್ತು, ವಿರೋಧ ಬಂದ ಮೇಲೆ ಸುತ್ತ ಕಪ್ಪು ಮಾಡಿ ಕಣ್ಣಿನ ಪಟ್ಟಿ ಮಾತ್ರ ಉಳಿಸಿದ್ರು. ಗನ್ಸ್ ಎನ್ ರೋಸಸ್‌ನ 'ಆಪಟೈಟ್ ಫಾರ್ ಡಿಸ್ಟ್ರಕ್ಷನ್' ಹೇರ್ ಮೆಟಲ್ಲಾ ಅಲ್ವಾ ಅಂತ ಜಗಳ ಇದೆ, ಅದು ಇರ್ಲಿ, ಅದರ ಕವರ್‌ನಲ್ಲೂ ಮೊದ್ಲು ರಾಬರ್ಟ್ ವಿಲಿಯಮ್ಸ್ ಪೇಂಟಿಂಗ್ ಇತ್ತು, ಆಮೇಲೆ ಅದನ್ನ ಒಳಗೆ ಹಾಕಿ ಮುಂದೆ ಐದು ತಲೆಬುರುಡೆಯ ಶಿಲುಬೆ ಇಟ್ರು. ಈ ಮೂರರಲ್ಲೂ ಕವರ್ ಬದಲಾದ್ರೂ ಸಂಗೀತ ಅದೇ, ಹಾಗಾಗಿ ಕೇಳೋಕೆ ಮಾತ್ರ ಬೇಕಾದೋರು ಈ ಹಿಂದೆ ಓಡೋದು ಬೇಡ.

ಸಂಗೀತವೇ ಬೇರೆ ಆಗೋ ಕೇಸ್‌ಗಳು ಇದಕ್ಕಿಂತ ಮುಖ್ಯ. ವೈಟ್‌ಸ್ನೇಕ್‌ನ 1987ರ ಆಲ್ಬಂ ತಗೊಳ್ಳಿ. ಅಮೆರಿಕದಲ್ಲಿ ಅದರ ಹೆಸರು ಬರೀ 'ವೈಟ್‌ಸ್ನೇಕ್', ಯುರೋಪ್‌ನಲ್ಲಿ '1987', ಜಪಾನ್‌ನಲ್ಲಿ 'ಸರ್ಪೆನ್ಸ್ ಆಲ್ಬಸ್', ಲ್ಯಾಟಿನ್‌ನಲ್ಲಿ ಬಿಳಿ ಹಾವು ಅಂತ. ಮೂರು ಆಲ್ಬಂ ಅಂದ್ಕೊಂಡು ಮೂರೂ ತರಿಸ್ಕೊಂಡವರನ್ನ ನಾನು ನೋಡಿದೀನಿ. ಅಮೆರಿಕದ್ದು 'ಕ್ರೈಯಿಂಗ್ ಇನ್ ದ ರೇನ್'ನಿಂದ ಶುರು, ಯುರೋಪ್‌ನದ್ದು 'ಸ್ಟಿಲ್ ಆಫ್ ದ ನೈಟ್'ನಿಂದ, ಯುರೋಪ್ ಸಿಡಿಯಲ್ಲಿ ಅಮೆರಿಕದ್ದರಲ್ಲಿ ಇಲ್ಲದ ಎರಡು ಹಾಡು ಹೆಚ್ಚಿಗೆ ಇವೆ, ಅದರಲ್ಲಿ 'ಲುಕಿಂಗ್ ಫಾರ್ ಲವ್' ಅಂತೂ ಈ ಆಲ್ಬಂನ ಅತ್ಯುತ್ತಮ ಹಾಡುಗಳಲ್ಲಿ ಒಂದು ಅಂತ ನನ್ನ ಅಭಿಪ್ರಾಯ. ಒಂದೇ ತಗೊಳ್ಳೋದಾದ್ರೆ ಯುರೋಪ್ ಸಿಡಿ ತಗೊಳ್ಳಿ. ಇನ್ನು 'ಹಿಯರ್ ಐ ಗೋ ಅಗೇನ್' ಹಾಡು, ಅದು 1982ರ ತಮ್ಮದೇ ಹಾಡನ್ನ ಮತ್ತೆ ರೆಕಾರ್ಡ್ ಮಾಡಿದ್ದು, ಆಮೇಲೆ ರೇಡಿಯೋಗೆ ಅಂತ ಬೇರೆ ವಾದಕರನ್ನ ಕರೆಸಿ ಮೂರನೇ ಸಲ ಮಾಡಿದ್ರು, ಆ ರೇಡಿಯೋ ವರ್ಷನ್ ಬೇಕು ಅಂದ್ರೆ 7 ಇಂಚಿನ ಸಿಂಗಲ್ ಹುಡುಕ್ಬೇಕು. ಈ ಆಲ್ಬಂನ ಗಿಟಾರ್ ಎಲ್ಲಾ ಹೆಚ್ಚೂಕಮ್ಮಿ ಜಾನ್ ಸೈಕ್ಸ್‌ದು, ಹಾಡು ಬರೆದಿದ್ದರಲ್ಲೂ ಅವನ ಪಾಲು ದೊಡ್ಡದು, ಆದ್ರೆ ರಿಲೀಸ್ ಆಗೋ ಹೊತ್ತಿಗೆ ಅವನು ಬ್ಯಾಂಡ್‌ನಲ್ಲೇ ಇರ್ಲಿಲ್ಲ, ವಿಡಿಯೋಗಳಲ್ಲಿ ಕಾಣೋರು ಬೇರೆಯವರು. ಮುಂದ್ಗಡೆ ನೋಡಿದ್ರೆ ಅವನ ಗುರುತೇ ಇಲ್ಲ, ಹಿಂದ್ಗಡೆ ಕ್ರೆಡಿಟ್ಸ್‌ನಲ್ಲಿ ಇದೆ.

ಮಾಟ್ಲಿ ಕ್ರೂನ ಮೊದಲ ಆಲ್ಬಂ 'ಟೂ ಫಾಸ್ಟ್ ಫಾರ್ ಲವ್' ಇದೇ ಜಾತಿ. 1981ರಲ್ಲಿ ಲೆದರ್ ರೆಕಾರ್ಡ್ಸ್ ಅನ್ನೋ ಸ್ವಂತ ಲೇಬಲ್‌ನಲ್ಲಿ ತಾವೇ ಹಾಕಿದ್ದು, ಮರುವರ್ಷ ಎಲೆಕ್ಟ್ರಾ ಕಂಪನಿ ತಗೊಂಡು ರಾಯ್ ಥಾಮಸ್ ಬೇಕರ್ ಹತ್ರ ರೀಮಿಕ್ಸ್ (ಅದೇ ರೆಕಾರ್ಡಿಂಗ್‌ನ ದನಿ, ಗಿಟಾರ್, ಡ್ರಮ್ಸ್ ಮತ್ತೆ ಹೊಂದಿಸೋದು) ಮಾಡಿಸ್ತು, ಆವಾಗ 'ಸ್ಟಿಕ್ ಟು ಯುವರ್ ಗನ್ಸ್' ಹಾಡನ್ನ ಕೈಬಿಟ್ರು. ಮೊದಲ ಮಿಕ್ಸ್ ಒರಟು, ಗ್ಯಾರೇಜಿನ ಸೌಂಡ್, ನಂಗೆ ಅದೇ ಇಷ್ಟ. ಅಸಲಿ ಲೆದರ್ ಪ್ರೆಸ್ಸಿಂಗ್ ತುಂಬ ಕಮ್ಮಿ ಸಂಖ್ಯೆಯಲ್ಲಿ ಬಂದಿದ್ದು, ಬೆಲೆ ಕೇಳಿದ್ರೆ ತಲೆ ತಿರುಗುತ್ತೆ, ಇಂಥ ಹೆಸರುಳ್ಳ ಮೊದಲ ಪ್ರೆಸ್ಸಿಂಗ್‌ಗೆ ನಕಲಿಯೂ ಬರುತ್ತೆ, ಹುಷಾರು.

ಅಗ್ಗದಲ್ಲಿ ಕಟ್ಟಿದ ರೆಕಾರ್ಡ್‌ಗಳೂ ಶೆಲ್ಫ್‌ನಲ್ಲಿ ಇರ್ಬೇಕು. ಪಾಯ್ಸನ್‌ನ 1986ರ 'ಲುಕ್ ವಾಟ್ ದ ಕ್ಯಾಟ್ ಡ್ರ್ಯಾಗ್ಡ್ ಇನ್' 23,000 ಡಾಲರ್‌ನಲ್ಲಿ, 12 ದಿನದಲ್ಲಿ ರೆಕಾರ್ಡ್ ಆಗಿದ್ದು. 'ಹಿಸ್ಟೀರಿಯಾ' ಪಕ್ಕ ಇಟ್ಟು ಕೇಳಿ, ಒಂದು ಮೂರು ವರ್ಷದ ಕಟ್ಟಡ, ಇನ್ನೊಂದು 12 ದಿನದ ಚಪ್ಪರ, ಎರಡರಲ್ಲೂ ಮದುವೆ ಭರ್ಜರಿಯಾಗೇ ಆಗಿದೆ.

ಮೈಕಲ್ ವ್ಯಾಗನರ್ ಅನ್ನೋ ಜರ್ಮನ್ ಹೆಸರನ್ನೂ ಬರೆದಿಟ್ಕೊಳ್ಳಿ. ಇವನ ಕೆಲಸದಲ್ಲಿ ಗಿಟಾರ್ ಮುಂದೆ ಬಂದು ಕೂರುತ್ತೆ, ಪ್ರತಿ ಮೀಟೂ ಬೇರೆಬೇರೆ ಕೇಳುತ್ತೆ. ಡಾಕನ್‌ನ 'ಅಂಡರ್ ಲಾಕ್ ಅಂಡ್ ಕೀ', ವೈಟ್ ಲಯನ್‌ನ 'ಪ್ರೈಡ್', ಸ್ಕಿಡ್ ರೋನ ಮೊದಲೆರಡು ಆಲ್ಬಂ, ಎಕ್ಸ್‌ಟ್ರೀಮ್‌ನ 1990ರ 'ಪೋರ್ನೋಗ್ರಾಫಿಟಿ', ಎಲ್ಲಾ ಇವನದೇ. 'ಮೋರ್ ದ್ಯಾನ್ ವರ್ಡ್ಸ್' ಹಾಡಿಗೆ ಅಂತ ಆ ಎಕ್ಸ್‌ಟ್ರೀಮ್ ಆಲ್ಬಂ ತಗೊಂಡೋರು ಉಳಿದ ಹಾಡುಗಳಲ್ಲಿ ನೂನೋ ಬೆಟನ್‌ಕೋರ್ಟ್ ಗಿಟಾರ್ ಕೇಳಿ ದಂಗಾಗೋದು ಗ್ಯಾರಂಟಿ. ವೈಟ್ ಲಯನ್‌ನ ವೀಟೋ ಬ್ರಾಟ ಅಂತೂ ನನ್ನ ಪ್ರಕಾರ ಈ ಇಡೀ ಗುಂಪಲ್ಲಿ ಅತಿ ಹಾಡುಗಾರಿಕೆ ಇರೋ ಗಿಟಾರಿಸ್ಟ್, 'ವೇಟ್' ಹಾಡಿನ ಸೋಲೋವನ್ನ ಶಿಳ್ಳೆ ಹಾಕ್ಬಹುದು. ಬೋ ಹಿಲ್ ಹೆಸರಿದ್ರೆ ರ್‍ಯಾಟ್, ವಿಂಗರ್, ವಾರಂಟ್, ಅದರಲ್ಲಿ ರ್‍ಯಾಟ್‌ನ 1984ರ 'ಔಟ್ ಆಫ್ ದ ಸೆಲರ್' ಬಿಡಲೇಬೇಡಿ. ಟಾಮ್ ವೆರ್‌ಮನ್ ಇದ್ರೆ ಮಾಟ್ಲಿ ಕ್ರೂನ 'ಶೌಟ್ ಅಟ್ ದ ಡೆವಿಲ್', ಟ್ವಿಸ್ಟೆಡ್ ಸಿಸ್ಟರ್‌ನ 'ಸ್ಟೇ ಹಂಗ್ರಿ'.

ಸಿಂಡ್ರೆಲಾ ಬಗ್ಗೆ ಎರಡು ಮಾತು ಹೆಚ್ಚಿಗೆ ಹೇಳ್ಬೇಕು. ಹೆಸರು ನೋಡಿ, ಮೊದಲ ಆಲ್ಬಂ ಕವರ್ ನೋಡಿ ಜನ ನಕ್ಕು ಮುಂದೆ ಹೋಗ್ತಾರೆ. 1988ರ 'ಲಾಂಗ್ ಕೋಲ್ಡ್ ವಿಂಟರ್' ಹಾಕಿ ಕೇಳಿ, ಅದು ಒಳಗೆಲ್ಲ ಬ್ಲೂಸ್, ಸ್ಲೈಡ್ ಗಿಟಾರ್. 1990ರ 'ಹಾರ್ಟ್‌ಬ್ರೇಕ್ ಸ್ಟೇಷನ್' ತಿರುಗ್ಸಿ ನೋಡಿದ್ರೆ ತಂತಿವಾದ್ಯ ಜೋಡಿಸಿದವರಲ್ಲಿ ಲೆಡ್ ಜೆಪ್ಲಿನ್‌ನ ಜಾನ್ ಪಾಲ್ ಜೋನ್ಸ್ ಹೆಸರು ಕಾಣುತ್ತೆ. ಟೆಸ್ಲಾ ಕೂಡ ಕವರ್ ನೋಡಿ ಅಳೆಯೋಕೆ ಆಗದ ಬ್ಯಾಂಡ್, ವಿಜ್ಞಾನಿ ನಿಕೋಲಾ ಟೆಸ್ಲಾ ಹೆಸರು ಇಟ್ಕೊಂಡವ್ರು, 1990ರ 'ಫೈವ್ ಮ್ಯಾನ್ ಅಕೌಸ್ಟಿಕಲ್ ಜ್ಯಾಮ್' ಬರೀ ಅಕೌಸ್ಟಿಕ್ ಲೈವ್. ಹೆಣ್ಮಕ್ಕಳ ಬ್ಯಾಂಡ್ ವಿಕ್ಸನ್‌ನ 1988ರ ಮೊದಲ ಆಲ್ಬಂ, ಅದೇ ವರ್ಷದ ಲೀಟಾ ಫೋರ್ಡ್‌ನ 'ಲೀಟಾ', ಇವೆರಡಿಲ್ಲದ ಕಲೆಕ್ಷನ್ ಅರ್ಧಂಬರ್ಧ. ಫಿನ್‌ಲ್ಯಾಂಡ್‌ನ ಹನೋಯ್ ರಾಕ್ಸ್‌ನವರ 1984ರ 'ಟೂ ಸ್ಟೆಪ್ಸ್ ಫ್ರಂ ದ ಮೂವ್' ಸಿಕ್ರೆ ಬಿಡ್ಬೇಡಿ. ಆ ಬ್ಯಾಂಡ್‌ನ ಡ್ರಮ್ಮರ್ ರ್‍ಯಾಜಲ್ ಅದೇ ವರ್ಷ ಡಿಸೆಂಬರ್‌ನಲ್ಲಿ ಕಾರ್ ಆಕ್ಸಿಡೆಂಟ್‌ನಲ್ಲಿ ತೀರ್ಕೊಂಡ, ಬ್ಯಾಂಡ್ ಅಲ್ಲಿಗೇ ಒಡೀತು, ಆಮೇಲೆ ಅವರ ಹಳೇ ಆಲ್ಬಂಗಳನ್ನ ಗನ್ಸ್ ಎನ್ ರೋಸಸ್‌ನವರು ಪ್ರೀತಿಯಿಂದ ತಮ್ಮ ಊಜಿ ಸುಯಿಸೈಡ್ ಲೇಬಲ್‌ನಲ್ಲಿ ಮತ್ತೆ ಹೊರತಂದ್ರು.

ಕೊಳ್ಳೋವಾಗ ನೋಡೋದು ಹೇಗೆ? ಎಲ್‌ಪಿ ಆದ್ರೆ ಹೊರಗೆ ತೆಗೆದು ಮೊಬೈಲ್ ಟಾರ್ಚ್ ಓರೆಯಾಗಿ ಬಿಡಿ. ನೇರವಾಗಿ ಬಿಟ್ರೆ ಗೀರು ಕಾಣಲ್ಲ. ಆಮೇಲೆ ಹಾಡು ಮುಗಿದ ಮೇಲೆ ಲೇಬಲ್‌ವರೆಗೆ ನುಣ್ಣಗೆ ಇರೋ ಜಾಗ ಇದೆಯಲ್ಲ, ಅಲ್ಲಿ ಕೆತ್ತಿರೋ ಅಕ್ಷರ, ನಂಬರ್ ಓದಿ. ಯಾವ ಕಾರ್ಖಾನೆ, ಯಾವ ಮಾಸ್ಟರಿಂಗ್ (ಅಚ್ಚಿಗೆ ಮೊದ್ಲು ಶಬ್ದವನ್ನ ಕೊನೇ ಸಲ ಹದ ಮಾಡೋದು) ಅಂತ ಹೇಳೋದು ಅದೇ. 'ಸ್ಲಿಪರಿ ವೆನ್ ವೆಟ್' ಮಾಸ್ಟರ್ ಮಾಡಿದ್ದು ನ್ಯೂಯಾರ್ಕ್‌ನ ಸ್ಟರ್ಲಿಂಗ್ ಸೌಂಡ್‌ನ ಜಾರ್ಜ್ ಮರೀನೋ, ಅಲ್ಲಿ ಕಟ್ ಆದ ರೆಕಾರ್ಡ್‌ಗಳಲ್ಲಿ ಆ ನುಣುಪು ಜಾಗದಲ್ಲಿ ಸ್ಟರ್ಲಿಂಗ್ ಅಂತ ಸಣ್ಣ ಮುದ್ರೆ ಇರುತ್ತೆ. ಮೊದಲ ಸಲ ಅದನ್ನ ಬೆಳಕಿಗೆ ಹಿಡಿದು ಓದಿದಾಗ, ಅಂಗಡಿಯಲ್ಲಿ ನಿಂತೇ, ನಂಗೆ ಆದ ಖುಷಿ ಹೇಳೋಕಾಗಲ್ಲ. ರೆಕಾರ್ಡ್ ಒಳಗೇ ಚಿತ್ರ ಇರೋ ಪಿಕ್ಚರ್ ಡಿಸ್ಕ್ ಗೋಡೆಗೆ ಚಂದ, ಚಿತ್ರದ ಮೇಲಿನ ತೆಳು ಹಾಳೆಯಲ್ಲಿ ಗ್ರೂವ್ ಇರೋದ್ರಿಂದ ಹಿಸ್ ಶಬ್ದ ಜಾಸ್ತಿ, ಕೇಳೋಕೆ ಬೇಡ.

ಸಿಡಿಯಲ್ಲಿ ಹೊಸ ರೀಮಾಸ್ಟರ್ ಅಂದ್ರೆ ಒಳ್ಳೇದು ಅನ್ನೋ ಭ್ರಮೆ ಬೇಡ. 90ರ ದಶಕದ ಕೊನೆಯಿಂದ ಬಂದ ಎಷ್ಟೋ ರೀಮಾಸ್ಟರ್‌ಗಳಲ್ಲಿ ಎಲ್ಲಾ ಶಬ್ದವನ್ನೂ ಒಂದೇ ಎತ್ತರಕ್ಕೆ ತಳ್ಳಿಬಿಟ್ಟಿದಾರೆ, ಮೆಲ್ಲಗಿನ ಚರಣಕ್ಕೂ ದೊಡ್ಡ ಕೋರಸ್‌ಗೂ ವ್ಯತ್ಯಾಸವೇ ಉಳಿಯಲ್ಲ, ಈ ಸಂಗೀತದ ಜೀವ ಇರೋದೇ ಆ ವ್ಯತ್ಯಾಸದಲ್ಲಿ. 80ರ ದಶಕದ ಸಿಡಿ ಮೆಲ್ಲಗೆ ಕೇಳುತ್ತೆ, ವಾಲ್ಯೂಮ್ ಜಾಸ್ತಿ ಮಾಡ್ಕೊಳ್ಳಿ, ಅರಳುತ್ತೆ. ಜಪಾನ್ ಸಿಡಿ, ಎಲ್‌ಪಿಗಳಿಗೆ ಪಕ್ಕದಲ್ಲಿ ಸುತ್ತಿರೋ ಕಾಗದದ ಪಟ್ಟಿ ಇರುತ್ತೆ, ಓಬಿ ಅಂತಾರೆ, ಅದು ಇದ್ರೆ ಬೆಲೆ ಬೇರೆ, ಹರಿದು ಬಿಸಾಕ್ಬೇಡಿ. ಇನ್ನು ಇಟ್ಕೊಳ್ಳೋದು. ನಮ್ಮ ಕರಾವಳಿ ಕಡೆ ಮಳೆಗಾಲದಲ್ಲಿ ಕವರ್ ಒಳಗೆ ಬೂಷ್ಟು ಬರುತ್ತೆ, ಮಂಗಳೂರಿನ ನೆಂಟರ ಮನೇಲಿಟ್ಟಿದ್ದ ನನ್ನ ಆರು ಎಲ್‌ಪಿ ಹಾಗೆ ಹಾಳಾಗಿವೆ. ನಿಲ್ಲಿಸಿ ಇಡಿ, ಗೋಡೆಗೆ ಒತ್ತಿ ಇಡ್ಬೇಡಿ, ಪ್ಲಾಸ್ಟಿಕ್ ಕವರ್ ಬಾಯಿ ಪೂರ್ತಿ ಮುಚ್ಬೇಡಿ.

ಕೊನೇದಾಗಿ 1989ರಿಂದ 91ರ ಆಲ್ಬಂಗಳ ವಿನೈಲ್ ಬಗ್ಗೆ. ಆ ಹೊತ್ತಿಗೆ ಅಮೆರಿಕದ ಕಂಪನಿಗಳು ಎಲ್‌ಪಿ ಬಿಟ್ಟು ಸಿಡಿ, ಕ್ಯಾಸೆಟ್ ಕಡೆ ಹೊರಳಿದ್ವು, ಕಾಪಿ ಲಕ್ಷಗಟ್ಟಲೆ ಮಾರಿದ್ರೂ ಎಲ್‌ಪಿ ಕಮ್ಮಿ. ಹಾಗಾಗಿ 1984ರ ರೆಕಾರ್ಡ್‌ಗಿಂತ 1991ರದ್ದು ಸಿಗೋದು ಕಷ್ಟ, ಯುರೋಪ್ ಪ್ರೆಸ್ಸಿಂಗ್ ಕಡೆ ನೋಡ್ಬೇಕು. ನಾನು ಹುಡುಕ್ತಿರೋದು ಅಂಥದ್ದೇ ಒಂದು, ಸ್ಕಿಡ್ ರೋನ 'ಸ್ಲೇವ್ ಟು ದ ಗ್ರೈಂಡ್'. 1991ರ ಜೂನ್‌ನಲ್ಲಿ ಬಂದ ಮೊದಲ ವಾರವೇ ನೇರವಾಗಿ ನಂಬರ್ 1 ಆದ ಆಲ್ಬಂ, ಮೂರು ತಿಂಗಳಿಗೆ ನಿರ್ವಾಣದ 'ನೆವರ್‌ಮೈಂಡ್' ಬಂತು, ಆಮೇಲೆ ಈ ಬಾಗಿಲು ಮುಚ್ತು. ಅದರ ಕವರ್‌ನ ದೊಡ್ಡ ಪೇಂಟಿಂಗ್ ಮಾಡಿದ್ದು ಗಾಯಕ ಸೆಬಾಸ್ಟಿಯನ್ ಬಾಕ್‌ನ ಅಪ್ಪ, ಡೇವಿಡ್ ಬಿಯರ್ಕ್. ಸಿಡಿಯ ಪುಟ್ಟ ಚೌಕದಲ್ಲಿ ಆ ಚಿತ್ರದ ಮುಖಗಳು ಸರಿಯಾಗಿ ಕಾಣಲ್ಲ, 12 ಇಂಚಿನಲ್ಲಿ ಒಂದು ಸಲ ಕೈಲಿ ಹಿಡಿದು ನೋಡ್ಬೇಕು, ಬಿವಿಕೆ ಅಯ್ಯಂಗಾರ್ ರೋಡ್‌ನ ಸಂಡೇ ಬಜಾರ್‌ನಲ್ಲಿ ರೆಕಾರ್ಡ್ ರಾಶಿ ಕಂಡಾಗೆಲ್ಲ ಅದಕ್ಕೇ ಕೂತು ಒಂದೊಂದಾಗಿ ತಿರುಗ್ಸಿ ನೋಡ್ತೀನಿ.